ಹಿಪ್ಪಲಿ ಕಸಿ ಪೋಸ್ಟ್ ಹುಡುಕಿದ ಭಾನುವಾರ

2025 ಜುಲೈ 6, ಭಾನುವಾರ
ಬೆಂಗಳೂರು

ಬೆಳಿಗ್ಗೆ ಏಳೂವರೆಗೆ ಅಪ್ಪಯ್ಯನ ಫೋನು. ಊರಲ್ಲಿ ಮೂರು ದಿನದಿಂದ ಕರೆಂಟಿಲ್ಲ. ಪಕ್ಕದ ಮನೆಯ ಇನ್ವರ್ಟರಿನಲ್ಲಿ ಮೊಬೈಲ್ ಚಾರ್ಜ್ ಮಾಡಿಸಿಕೊಂಡು ಮಾತಾಡುತ್ತಿದ್ದರು. ಹಿಂದೆ ಹೆಂಚಿನ ಮೇಲೆ ಮಳೆಯ ಸದ್ದು. ಇವತ್ತು ಪ್ರಥಮೈಕಾದಶಿ, ಅಮ್ಮನಿಗೆ ಉಪವಾಸ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಬರೀ ಅವಲಕ್ಕಿ ಅನ್ನುವ ದೂರು ಮೊದಲು ಬಂತು. ಆಮೇಲೆ ವಿಷಯ.

“ನೀ ಆವತ್ತು ಮೊಬೈಲಲ್ಲಿ ತೋರಿಸಿದ್ದೆಯಲ್ಲ, ಹಿಪ್ಪಲಿಗೆ ಮೆಣಸು ಕಸಿ ಕಟ್ಟೋದು, ಕೊಪ್ಪದ ಕಡೆಯವರು ಬರೆದದ್ದು. ಅದನ್ನ ಕಳಿಸು ಮಾರಾಯ. ಕಸಿ ಗಂಟು ನೆಲದಿಂದ ಎಷ್ಟು ಎತ್ತರ ಇರಬೇಕು ಅಂತ ಅದರಲ್ಲಿತ್ತು.”

“ಸೇವ್ ಮಾಡಿಟ್ಟಿದೀನಿ ಅಪ್ಪಯ್ಯ. ಐದು ನಿಮಿಷ” ಅಂದೆ.

ಈಗ ರಾತ್ರಿ ಹತ್ತೂಕಾಲು. ಇಡೀ ಭಾನುವಾರ ಆ ಐದು ನಿಮಿಷಕ್ಕೇ ಹೋಯಿತು.

ಹಿಪ್ಪಲಿ ಕಸಿ ಗೊತ್ತಿಲ್ಲದವರಿಗೆ ಒಂದು ಮಾತು. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳಲ್ಲಿ ಒಂದಷ್ಟು ಪ್ರತಿ ಮಳೆಗಾಲ ಸೊರಗಿ ಹೋಗುತ್ತವೆ. ಕಡು ಹಸಿರಾಗಿದ್ದ ಬಳ್ಳಿ ನೋಡನೋಡುತ್ತ ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತದೆ. ಫೈಟಾಫ್ತೊರಾ ಅನ್ನುವ ರೋಗಾಣುವಿನ ಕೆಲಸ ಅದು. ಅಡಿಕೆಗೆ ಕೊಳೆ ತರುವುದೂ ಅದೇ ಕುಲದ್ದು. ದಕ್ಷಿಣ ಅಮೆರಿಕದಿಂದ ಬಂದ, ನಾವೆಲ್ಲ ಬ್ರೆಜಿಲಿಯನ್ ಹಿಪ್ಪಲಿ ಅನ್ನುವ ಗಿಡದ ಬೇರು ಈ ರೋಗವನ್ನು ತಡೆದುಕೊಳ್ಳುತ್ತದೆ. ಅದರ ಬುಡಕ್ಕೆ ನಮ್ಮ ಪಣಿಯೂರು ತಳಿಯ ಮೆಣಸಿನ ಬಳ್ಳಿಯ ಕುಡಿ ಕಟ್ಟಿದರೆ ಬೇರು ಅದರದ್ದು, ಫಸಲು ಇದರದ್ದು. ಕಸಿ ಕಟ್ಟಿದ ಗಂಟು ಮಾತ್ರ ಮಣ್ಣಿಗೆ ತಾಗಬಾರದು. ತಾಗಿದರೆ ಮೆಣಸಿನ ಬಳ್ಳಿ ಅಲ್ಲೇ ತನ್ನ ಬೇರು ಬಿಡುತ್ತದೆ, ರೋಗಕ್ಕೆ ಮತ್ತೆ ದಾರಿ ಆಗುತ್ತದೆ. ಅಪ್ಪಯ್ಯ ಎತ್ತರ ಕೇಳಿದ್ದು ಅದಕ್ಕೇ.

ಆ ಪೋಸ್ಟ್ 2021ರದ್ದು. ಹನ್ನೊಂದು ಫೋಟೊ ಇತ್ತು. ಬ್ಲೇಡಿನಲ್ಲಿ ಸೀಳಿದ ಕಾಂಡ, ಸುತ್ತಿದ ಪ್ಲಾಸ್ಟಿಕ್ ಪಟ್ಟಿ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರಿನೊಳಗೆ ಬೆವೆತು ಕೂತ ಗಿಡ. ಕೆಳಗೆ ನೂರಕ್ಕೂ ಜಾಸ್ತಿ ಕಾಮೆಂಟು. ನಿಜವಾದ ಸರಕು ಇದ್ದದ್ದು ಅಲ್ಲೇ. ಯಾವ ತಿಂಗಳಲ್ಲಿ ಕಟ್ಟಬೇಕು, ಎಷ್ಟು ದಿನ ನೆರಳಲ್ಲಿಡಬೇಕು, ಯಾರದ್ದು ಸತ್ತಿತು, ಯಾಕೆ ಸತ್ತಿತು.

ಯಾವ ತಾಣ ಅಂತ ಹೆಸರು ಹೇಳುವುದಿಲ್ಲ. ಯಾವುದಾದರೂ ಕತೆ ಇಷ್ಟೇ. ಸೇವ್ ಮಾಡಿದ ಪಟ್ಟಿ ತೆರೆದೆ. ಕೆಳಗೆ, ಇನ್ನೂ ಕೆಳಗೆ ಹೋದೆ. ನಡುನಡುವೆ ಬೂದು ಬಣ್ಣದ ಚೌಕ, ಅದರಲ್ಲಿ “ಈ ವಿಷಯ ಈಗ ಲಭ್ಯವಿಲ್ಲ” ಅನ್ನುವ ಸಾಲು. 2021ರ ಹತ್ತಿರ ಬಂದಾಗ ಅಂಥ ಚೌಕ ಸಾಲಾಗಿ ನಾಲ್ಕು. ನಮ್ಮ ಹಿಪ್ಪಲಿ ಅದರಲ್ಲಿ ಯಾವುದೋ ಒಂದು. ಹಠ ಹುಟ್ಟಿ ಕಾಗದದ ಮೇಲೆ ಗೀಟು ಹಾಕುತ್ತ ಎಲ್ಲವನ್ನೂ ಎಣಿಸಿದೆ. ಒಟ್ಟು 312. ಅದರಲ್ಲಿ ಸತ್ತದ್ದು 74.

ಇಷ್ಟು ವರ್ಷ ನಾನು ಆ ಬಟನ್ ಒತ್ತುವಾಗ ಏನೋ ಒಂದನ್ನು ಎತ್ತಿ ನನ್ನ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದೇನೆ ಅಂತ ಅಂದುಕೊಂಡಿದ್ದೆ. ಅದು ಬರೀ ವಿಳಾಸ ಬರೆದಿಟ್ಟುಕೊಂಡ ಹಾಗೆ. ಮನೆಯವರು ಮನೆ ಖಾಲಿ ಮಾಡಿಕೊಂಡು ಹೋದರೆ ವಿಳಾಸ ಹಿಡಿದುಕೊಂಡು ಬೀದಿಯಲ್ಲಿ ನಿಲ್ಲಬೇಕು, ಅಲ್ವಾ?

ಹತ್ತು ಗಂಟೆಗೆ ಇನ್ನೊಂದು ದಾರಿ ಹೊಳೆಯಿತು. “ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡಿಕೊಳ್ಳಿ” ಅನ್ನುವ ಸೌಲಭ್ಯ ಈಗ ದೊಡ್ಡ ತಾಣಗಳಲ್ಲೆಲ್ಲ ಉಂಟು. ಕೇಳಿದೆ. ಎರಡು ಗಂಟೆಯಲ್ಲಿ ಝಿಪ್ ಫೈಲ್ ಬಂತು. ಸೇವ್ ಮಾಡಿದವುಗಳ ಹೆಸರಲ್ಲಿ ಇದ್ದದ್ದು ದಿನಾಂಕ, ಶೀರ್ಷಿಕೆ, ಕೊಂಡಿ. ಅಷ್ಟೇ. ಆದರೆ ನಾನು ಬರೆದ ಕಾಮೆಂಟುಗಳದ್ದು ಬೇರೆ ಫೈಲು ಇತ್ತು. ಆ ಪೋಸ್ಟಿನಲ್ಲಿ ನಾನೂ ಮಾತಾಡಿದ್ದೆನಲ್ಲ! ತೆರೆದರೆ ಕನ್ನಡವೇ ಇಲ್ಲ. ತಲೆ ಮೇಲೆ ಗೀಟು ಎಳೆದುಕೊಂಡ ಇಂಗ್ಲಿಷಿನ ಪುಟ್ಟ ಎ, ಪಕ್ಕದಲ್ಲಿ ಚಿಕ್ಕ 2, ಆಮೇಲೆ ಇನ್ನೇನೋ ಒಂದು ಚುಕ್ಕೆ. ಮತ್ತೆ ಎ, ಚಿಕ್ಕ 3, ಇನ್ನೊಂದು ಚುಕ್ಕೆ. ಪುಟಗಟ್ಟಲೆ ಹೀಗೇ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ಸೊಸೈಟಿ ಸುತ್ತೋಲೆ ತೆರೆದವರಿಗೆ ಇಂಥ ನೋಟ ಹೊಸದಲ್ಲ. ಆದರೆ ಇಲ್ಲಿ ರೋಗ ಬೇರೆ.

ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬೈಟ್ ಅನ್ನುವ ಸಣ್ಣ ತುಂಡುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಈ ಫೈಲ್ ಬರೆದ ಪುಣ್ಯಾತ್ಮರು ಆ ಮೂರು ಬೈಟನ್ನು ಒಂದೇ ಅಕ್ಷರ ಅನ್ನದೆ ಮೂರು ಬೇರೆ ಬೇರೆ ಲ್ಯಾಟಿನ್ ಅಕ್ಷರ ಅಂತ ಇಟ್ಟಿದ್ದಾರೆ. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದಕ್ಕೇ ಆ ಎ, ಆ 2, ಆ 3 ಮತ್ತೆ ಮತ್ತೆ ಬರುವುದು. ಒಂದು ಸಮಾಧಾನ ಅಂದರೆ ಏನೂ ಕಳೆದಿಲ್ಲ, ತಪ್ಪಾಗಿ ಜೋಡಿಸಿದ್ದಾರೆ ಅಷ್ಟೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲು ಸಾಕು. ಅಕ್ಷರಗಳನ್ನು ಲ್ಯಾಟಿನ್-1 (ಅಕ್ಷರಕ್ಕೆ ಒಂದೇ ಬೈಟ್ ಇಡುವ ಪದ್ಧತಿ) ಅಂತ ತಿಳಿದು ಬೈಟಿಗೆ ಇಳಿಸು, ಆ ಬೈಟುಗಳನ್ನು ಯುಟಿಎಫ್-8 ಅಂತ ಓದು. ಎಂಟರ್ ಒತ್ತಿದೆ. ಕಸದ ರಾಶಿಯಿಂದ ಕನ್ನಡ ಎದ್ದು ಬಂತು. ನಿಜ ಹೇಳುತ್ತೇನೆ, ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.

ಆ ಪೋಸ್ಟಿನ ಕೆಳಗೆ ನಾನು ಬರೆದದ್ದು ಸಿಕ್ಕಿತು. “ಗಂಟು ನೆಲದಿಂದ ಎಷ್ಟು ಎತ್ತರ ಇರಬೇಕು ಸರ್?”

ಅಷ್ಟೇ. ಪ್ರಶ್ನೆ ನನ್ನದು, ಹಾಗಾಗಿ ಅದು ನನ್ನ ಫೈಲಿನಲ್ಲಿ ಉಳಿದಿದೆ. ಉತ್ತರ ಅವರದ್ದು. ಅದು ಇಲ್ಲ.

ವೇಬ್ಯಾಕ್ ಮಷಿನ್‌ನಲ್ಲಿ ನೋಡಬಹುದಿತ್ತಲ್ಲ ಅನ್ನುತ್ತೀರಿ. ಇಂಟರ್ನೆಟ್ ಆರ್ಕೈವ್‌ನವರು 1996ರಿಂದ ಜಾಲತಾಣಗಳ ನಕಲು ತೆಗೆದಿಡುತ್ತ ಬಂದಿದ್ದಾರೆ, ದೊಡ್ಡ ಪುಣ್ಯದ ಕೆಲಸ. ಆದರೆ ಲಾಗಿನ್ ಆಗಿ ಒಳಗೆ ಹೋಗಬೇಕಾದ ಗುಂಪಿನ ಬಾಗಿಲು ಅವರಿಗೆ ತೆರೆಯುವುದಿಲ್ಲ. ನಮ್ಮ ರೈತರ ಮಾತುಕತೆ ಎಲ್ಲ ಇರುವುದು ಅಂಥ ಬಾಗಿಲ ಹಿಂದೆಯೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಲೆಕ್ಕ ಹಾಕಿದೆ. ಇದು ನನಗೆ ಮೊದಲ ಪಾಠವೇನಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಹಾಸ್ಟೆಲಿನವರ ಸ್ಕ್ರ್ಯಾಪುಗಳೆಲ್ಲ ಅಲ್ಲಿದ್ದವು. ಯಾಹೂ ಗ್ರೂಪ್ಸ್ 2019ರ ಅಕ್ಟೋಬರ್‌ನಲ್ಲೇ ನೋಟಿಸ್ ಕೊಟ್ಟು, 2020ರ ಡಿಸೆಂಬರ್ 15ಕ್ಕೆ ಪೂರ್ತಿ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ ಹೋಯಿತು. ಮೂರೂ ಸಲ ಮುಂಚೆಯೇ ಹೇಳಿದ್ದರು, ಡೌನ್‌ಲೋಡಿಗೆ ಸಮಯವನ್ನೂ ಕೊಟ್ಟಿದ್ದರು. ಮೂರೂ ಸಲ ನಾನು ನಾಳೆ ಮಾಡಿದರಾಯಿತು ಅಂದುಕೊಂಡೆ. ಅದರಲ್ಲಿ ಇನ್ನೊಬ್ಬರ ತಪ್ಪು ಏನೂ ಇಲ್ಲ.

ಈಗ ಪಾಕೆಟ್ ಸರದಿ, ಲೇಖನಗಳನ್ನು ಆಮೇಲೆ ಓದಲು ಕೂಡಿಡುವ ಆ್ಯಪ್ ಅದು. ನಾಡಿದ್ದು, ಜುಲೈ 8ಕ್ಕೆ, ಅದೂ ಬಂದ್. ಪಟ್ಟಿ ಇಳಿಸಿಕೊಳ್ಳಲು ಆಮೇಲೂ ಸ್ವಲ್ಪ ಕಾಲ ಕೊಟ್ಟಿದ್ದಾರೆ. ಈ ಸಲ ನಾಳೆಗೆ ಬಿಡದೆ ಇವತ್ತೇ ಇಳಿಸಿದೆ. ಸಿಎಸ್‌ವಿ ಅನ್ನುವ ಪಟ್ಟಿಯ ರೂಪದ ಫೈಲ್ ಬಂತು. ಅಲ್ಲೂ ಶೀರ್ಷಿಕೆ, ಕೊಂಡಿ, ಸೇರಿಸಿದ ಸಮಯ, ಟ್ಯಾಗ್. ಲೇಖನದ ಒಳಗಿನ ಮಾತು ಇಲ್ಲ. ಚರ್ಚೆಯ ತಾಣ ರೆಡಿಟ್‌ದೂ ಕೇಳಿ ಹಾಕಿದ್ದೇನೆ. ಅಲ್ಲಿ ಸೇವ್ ಪಟ್ಟಿ ತೋರಿಸುವುದು ಇತ್ತೀಚಿನ 1000 ಮಾತ್ರ, ಅದಕ್ಕಿಂತ ಹಿಂದಿನದು ಬೇಕಾದರೆ ಹೀಗೆ ಅರ್ಜಿ ಹಾಕಬೇಕು. ಬರಲು ತಿಂಗಳು ಹಿಡಿದರೂ ಹಿಡಿಯಬಹುದು. ಬಂದರೂ ಎಷ್ಟು ಜೀವಂತ ಇದ್ದಾವೋ. 2023ರ ಮಧ್ಯದಲ್ಲಿ ಅಲ್ಲಿ ಎಪಿಐ (ಹೊರಗಿನ ಆ್ಯಪ್‌ಗಳು ತಾಣದ ಮಾಹಿತಿ ಪಡೆಯುವ ದಾರಿ) ದರದ ಗಲಾಟೆ ಆದಾಗ ಸಿಟ್ಟಿಗೆದ್ದ ಎಷ್ಟೋ ಜನ ತಮ್ಮ ಹಳೇ ಕಾಮೆಂಟುಗಳನ್ನು ತಾವೇ ಅಳಿಸಿಬಿಟ್ಟರು.

ಊಟ ಆದಮೇಲೆ ಕೊಪ್ಪದವರ ಪ್ರೊಫೈಲ್ ಹುಡುಕಿ ಒಂದು ಮೆಸೇಜ್ ಹಾಕಿದೆ. ಉತ್ತರ ಬರುತ್ತದೆ ಅನ್ನುವ ನಂಬಿಕೆ ಇರಲಿಲ್ಲ. ಸುಮ್ನೆ ಕೂರುವ ಬದಲು ಉಳಿದ 238ನ್ನು ಹಿಡಿದೆ. ಅಪ್ಪಯ್ಯನಿಗೆ ಬೇಕಾದ ತೋಟದ ವಿಷಯ ಮೊದಲು, ಅಮ್ಮನ ಹಲಸಿನ ಹಪ್ಪಳ, ಅಪ್ಪೆಮಿಡಿ ಎಲ್ಲ ಆಮೇಲೆ. ನನ್ನ ಮೀಮುಗಳು ಹೋದರೆ ಹೋಗಲಿ.

ಸ್ಕ್ರೀನ್‌ಶಾಟ್ ತೆಗೆದರೆ ಆಮೇಲೆ “ಕಸಿ” ಅಂತ ಹುಡುಕಿದರೆ ಸಿಗುವುದಿಲ್ಲ, ಅದು ಬರೀ ಚಿತ್ರ. ಪಿಡಿಎಫ್ ಮಾಡಿ ನೋಡಿದೆ. ಕಣ್ಣಿಗೆ ಚೆನ್ನಾಗಿದೆ, ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲು. ಕೊನೆಗೆ ಸರಿ ಹೋದದ್ದು ಸಿಂಗಲ್‌ಫೈಲ್ ಅನ್ನುವ ಬ್ರೌಸರ್ ಎಕ್ಸ್‌ಟೆನ್ಷನ್. ಕಣ್ಣೆದುರು ತೆರೆದಿರುವ ಪುಟವನ್ನು ಚಿತ್ರಗಳ ಸಮೇತ ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ ಕೊಡುತ್ತದೆ. ನೆಟ್ ಇಲ್ಲದಿದ್ದರೂ ತೆರೆಯುತ್ತದೆ, ಕನ್ನಡ ಕನ್ನಡವಾಗಿಯೇ ಇರುತ್ತದೆ. ಕಣ್ಣೆದುರು ಇಲ್ಲದ್ದು ಮಾತ್ರ ಬರುವುದಿಲ್ಲ. “ಇನ್ನಷ್ಟು ಕಾಮೆಂಟ್” ಎಲ್ಲವನ್ನೂ ಒಂದೊಂದಾಗಿ ಒತ್ತಿ ಬಿಡಿಸಬೇಕು. ಹಲಸಿನ ಹಣ್ಣು ಬಿಡಿಸಿದ ಹಾಗೇ, ಅಂಟು ಕೆಲಸ. ಸಂಜೆ ಹೊತ್ತಿಗೆ ಆದದ್ದು ಮೂವತ್ತೆಂಟು.

ಫೈಲಿಗೆ ಹೆಸರು ಇಡುವಾಗ ಪೋಸ್ಟ್ ಹಾಕಿದ ದಿನಾಂಕ ಮೊದಲು, ನಾನು ತೆಗೆದ ದಿನಾಂಕ ಕೊನೆಗೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಊರಿಗೆ. ಊರಿನ ಅಟ್ಟದಲ್ಲಿ ಅಪ್ಪಯ್ಯ ಸುತಳಿ ಹಾಕಿ ಕಟ್ಟಿಟ್ಟ ಹಳೇ ‘ಅಡಿಕೆ ಪತ್ರಿಕೆ’ ಕೃಷಿ ಮಾಸಿಕದ ಕಟ್ಟುಗಳಿವೆ. ಎರಡು ಕಟ್ಟು ಒರಲೆಗೆ ಹೋಗಿದೆ. ಪೆನ್‌ಡ್ರೈವನ್ನು ಅಟ್ಟಕ್ಕೆ ಹಾಕಬೇಡಿ ಅಂತ ಈಗಲೇ ಹೇಳಬೇಕು.

ಆರೂಮುಕ್ಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ. ಕೊಪ್ಪದವರೇ!

“ಆ ಪೋಸ್ಟ್ ನಾನೇ ತೆಗೆದೆ ಮಾರಾಯ್ರೆ” ಅಂದರು. “2023ರಲ್ಲಿ ಮಳೆ ಕೈ ಕೊಡ್ತಲ್ಲ, ಮರುವರ್ಷ ಬೇಸಿಗೆಗೆ ನಮ್ಮ ಹಳ್ಳ ಒಣಗ್ತು. ಹಿಪ್ಪಲಿಗೆ ಕಾಲಡಿ ನೀರು ಬೇಕು. ಕಟ್ಟಿದ್ದರಲ್ಲಿ ಅರ್ಧಕ್ಕರ್ಧ ಹೋಯ್ತು. ಈಚೆಗೆ ದಿನಾ ನಾಲ್ಕು ಜನ ಫೋನ್ ಮಾಡಿ ಗಿಡ ಕೊಡಿ ಅಂತಿದ್ರು. ಹಳೇ ಫೋಟೊ ನೋಡಿ ಯಾರಾದ್ರೂ ಎಕರೆಗಟ್ಟಲೆ ಹಾಕಿದ್ರೆ ನನಗೆ ಶಾಪ ಅಲ್ವಾ?”

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಬೆಳಿಗ್ಗೆಯಿಂದ ಆ ಬೂದು ಚೌಕಕ್ಕೆ ಬೈಯುತ್ತ ಕೂತಿದ್ದೇನೆ. ನಾನು 2021ರಲ್ಲೇ ನಕಲು ತೆಗೆದಿಟ್ಟಿದ್ದರೆ ಇವತ್ತು ಏಳೂವರೆಗೇ ಅಪ್ಪಯ್ಯನಿಗೆ ಕಳಿಸುತ್ತಿದ್ದೆ. ಹನ್ನೊಂದು ಹಸಿರು ಫೋಟೊ, ಒಣಗಿದ ಸುದ್ದಿ ಇಲ್ಲದೆ. ಹಾಗಂತ ಅಳಿಸಿದ್ದೂ ಪೂರ್ತಿ ಸರಿ ಅನ್ನಿಸುವುದಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಬಹುದಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಬರೆದದ್ದು ಅವರದ್ದು, ಫೋನು ಎತ್ತುವವರೂ ಅವರೇ.

ಎತ್ತರ ಕೇಳಿದೆ. “ಒಂದು ಗೇಣಿಗಿಂತ ಮೇಲಿರಲಿ” ಅಂದರು. ನಿಮ್ಮ ಮಾತು ಬರೆದಿಟ್ಟುಕೊಳ್ಳಲೇ ಅಂತ ಕೇಳಿದ್ದಕ್ಕೆ, “ಬರ್ಕೊಳ್ಳಿ, ಒಣಗಿದ್ದನ್ನೂ ಬರ್ಕೊಳ್ಳಿ” ಅಂದರು. ಬರೆದೆ. ಆಮೇಲೆ ಆ ಮೂವತ್ತೆಂಟು ಫೈಲುಗಳ ಜೊತೆಗೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿಟ್ಟೆ. ಯಾವುದಾದರೂ ಪೋಸ್ಟ್ ಮುಂದೆ ಬದಲಾದರೆ, ಬರೆದವರೇ ತೆಗೆದರೆ, ಅದರಲ್ಲಿ ದಿನಾಂಕ ಹಾಕಿ ಬರೆಯುವುದು. ಎಷ್ಟು ದಿನ ಮಾಡುತ್ತೇನೋ, ನನ್ನ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ.

ಒಂಬತ್ತಕ್ಕೆ ಊರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡರು.

“ಹಾಗಾದ್ರೆ ಕೆರೆ ಕೆಳಗಿನ ಸಾಲಲ್ಲಿ ನಾಲ್ಕೇ ನಾಲ್ಕು ನೆಟ್ಟು ನೋಡ್ತೆ. ಅಲ್ಲಿ ನೀರಿಗೆ ಬರ ಇಲ್ಲ. ಗಂಟು ಒಂದು ಗೇಣು ಅಂದ್ಯಲ್ಲ?”

“ಒಂದು ಗೇಣಿಗಿಂತ ಮೇಲೆ.”

“ಅವರ ಗೇಣೋ, ನನ್ನ ಗೇಣೋ?”

ಅಷ್ಟರಲ್ಲಿ ಚಾರ್ಜ್ ಮುಗಿಯಿತೋ ಏನೋ, ಫೋನು ಕಟ್ಟಾಯಿತು.