ಅಮ್ಮನ ಇನ್ಹೇಲರ್ ಮತ್ತು ಬೇಡವಾದ ಮಾತ್ರೆ

ಅಮ್ಮನಿಗೆ ಮೈಗ್ರೇನ್ ಜಾಸ್ತಿಯಾಗಿತ್ತು. ಜಯನಗರದ ಡಾಕ್ಟರು ಪ್ರೊಪ್ರನೊಲಾಲ್ ಎಂಬ ಮಾತ್ರೆ ಬರೆಯುವ ಮುಂಚೆ, "ವೀಸಿಂಗ್ ಏನಾದ್ರೂ ಇದೆಯಾಮ್ಮಾ?" ಎಂದು ಕೇಳಿದರು. ಅಮ್ಮ ಬ್ಯಾಗಿನಿಂದ ಸಾಲ್ಬುಟಮಾಲ್ ಇನ್ಹೇಲರ್ ತೆಗೆದು ತೋರಿಸಿದಳು. ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. ಆ ಒಂದು ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ನಾನು ಋಣಿ.

ಮೆಟ್ರೋದಲ್ಲಿ ಮಲ್ಲೇಶ್ವರದ ಕಡೆ ಬರುವಾಗ ಅಮ್ಮ, "ತಲೆನೋವಿನ ಮಾತ್ರೆಗೂ ಉಸಿರಿಗೂ ಏನೇ ಸಂಬಂಧ?" ಎಂದಳು. ನಾನು ಓದುತ್ತಿರುವ ವಿಷಯವೇ ಅದು. ಫೈಲಿನ ಹಿಂದೆ ಚಿತ್ರ ಬರೆಯತೊಡಗಿದೆ.

ಶ್ವಾಸನಾಳದ ಸ್ನಾಯುಗಳಲ್ಲಿ ಬೀಟಾ-2 ಎಂಬ ರಿಸೆಪ್ಟರ್‌ಗಳಿವೆ, ಅಂದರೆ ಔಷಧ ಬಂದು ಕೂರುವ ಪ್ರೋಟೀನ್‌ಗಳು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಈ ರಿಸೆಪ್ಟರ್‌ನ ಒಳಗಿನ ಗುಳಿಯಲ್ಲಿ, ಸರಪಳಿಯ 113ನೇ ಜಾಗದಲ್ಲಿರುವ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲಕ್ಕೆ ಋಣ ಚಾರ್ಜ್. ನಮ್ಮ ರಕ್ತದಲ್ಲಿ ಸಾಲ್ಬುಟಮಾಲ್‌ನ ಸಾರಜನಕ ಬಹುಪಾಲು ಧನ ಚಾರ್ಜ್ ಹೊತ್ತಿರುತ್ತದೆ. ಎರಡೂ ಸೆಳೆದುಕೊಳ್ಳುತ್ತವೆ.

"ಅಷ್ಟೇನಾ?" ಎಂದಳು ಅಮ್ಮ. ಅಷ್ಟೇ ಅಲ್ಲ. ನಡುವೆ ನೀರಿದೆ! ನೀರಿನಲ್ಲಿ ಈ ಸೆಳೆತ ಸುಮಾರು 80 ಪಟ್ಟು ಕುಗ್ಗುತ್ತದೆ. ಗುಳಿಯೊಳಗೆ ನೀರು ಕಡಿಮೆ, ಹಾಗಾಗಿ ಅಲ್ಲಿ ಹಿಡಿತ ಬಿಗಿ. ಆದರೆ ಒಳಗೆ ಹೋಗಬೇಕಾದರೆ ಔಷಧದ ಕಣ ತನ್ನ ಸುತ್ತ ಅಂಟಿಕೊಂಡ ನೀರನ್ನು ಬಿಡಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಚಾರ್ಜ್ ಸುಮ್ನೆ ಜಾಸ್ತಿ ಮಾಡಿದರೆ ಔಷಧ ಚೆನ್ನಾಗಿ ಕೂರುತ್ತದೆ ಅನ್ನುವಂತಿಲ್ಲ. ಸೆಳೆತದ ಲಾಭ ಈ ಖರ್ಚನ್ನು ಮೀರಬೇಕು. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಈ ಲೆಕ್ಕವೇ.

1980ರ ದಶಕದಲ್ಲಿ ವಿಜ್ಞಾನಿಗಳು ಆ ಆಸ್ಪಾರ್ಟೇಟ್ ತೆಗೆದು, ಹೆಚ್ಚುಕಡಿಮೆ ಅದೇ ಗಾತ್ರದ, ಚಾರ್ಜ್ ಇಲ್ಲದ ಆಸ್ಪರಜಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇಟ್ಟು ನೋಡಿದರು. ಔಷಧಗಳ ಹಿಡಿತ ಭಾರಿ ಕುಸಿಯಿತು.

ಪ್ರೊಪ್ರನೊಲಾಲ್‌ನ ಸಾರಜನಕಕ್ಕೂ ಧನ ಚಾರ್ಜೇ. ಅದೂ ಹಿಡಿಯುವುದು ಅದೇ ಆಸ್ಪಾರ್ಟೇಟನ್ನು. ಸಾಲ್ಬುಟಮಾಲ್‌ನ ಇನ್ನೊಂದು ತುದಿ ಎದುರಿನ ಸೆರೀನ್ ಎಂಬ ಅಮೈನೋ ಆಮ್ಲಗಳನ್ನೂ ಹಿಡಿದು, ಗುಳಿಯನ್ನು ಸ್ವಲ್ಪ ಒಳಕ್ಕೆಳೆಯುತ್ತದೆ. ರಿಸೆಪ್ಟರ್ ಚುರುಕಾಗಿ ಸ್ನಾಯು ಸಡಿಲವಾಗುತ್ತದೆ. ಪ್ರೊಪ್ರನೊಲಾಲ್‌ಗೆ ಆ ಎಳೆತ ಇಲ್ಲ. ಅದು ಜಾಗ ಹಿಡಿದು ಕೂರುತ್ತದೆ, ಅಷ್ಟೇ.

"ಅಂದ್ರೆ ಅದನ್ನ ತಗೊಂಡ್ರೆ ನನ್ನ ಇನ್ಹೇಲರ್ ಕೆಲಸಾನೇ ಮಾಡಲ್ವಾ?"

"ಸರಿಯಾಗಿ ಮಾಡಲ್ಲಮ್ಮ. ವೀಸಿಂಗೂ ಜಾಸ್ತಿಯಾಗಬಹುದು."

ಅಮ್ಮ ಪೆನ್ನು ಕಿತ್ಕೊಂಡು ಫೈಲಿನ ಮೇಲೆ ದೊಡ್ಡದಾಗಿ ಬರೆದಳು: "ವೀಸಿಂಗ್ ಇದೆ. ಪ್ರೊಪ್ರನೊಲಾಲ್ ಬೇಡ." ಈಗ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸುತ್ತಾಳೆ.