ಮತ್ಸುಎ ಊರಿನ ಹುಡುಗ, 45ರ ಲೆಕ್ಕ

ನಾನಿರುವ ಮತ್ಸುಎ ಎಲ್ಲಿದೆ ಅಂತ ಕೇಳಿದರೆ ಟೋಕಿಯೊದವರೇ ಸ್ವಲ್ಪ ತಡವರಿಸುತ್ತಾರೆ. ಜಪಾನ್ ಸಮುದ್ರದ ಕಡೆಗಿರುವ ಶಿಮಾನೆ ಪ್ರಾಂತ್ಯದ ಊರು ಇದು. ಪಕ್ಕದ ತೊತ್ತೊರಿ ಯಾವುದು, ಶಿಮಾನೆ ಯಾವುದು ಅಂತ ಗೊಂದಲ ಮಾಡಿಕೊಳ್ಳೋದು ಇಲ್ಲಿನ ಹಳೇ ತಮಾಷೆ. ಹಳೇ ಕೋಟೆ ಇದೆ, ದೊಡ್ಡ ಸರೋವರ ಇದೆ. ರೂಬಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಯುಕಿಹಿರೊ ಮತ್ಸುಮೊತೊ ಇಲ್ಲೇ ನೆಲೆಸಿರೋದರಿಂದ ಒಂದಷ್ಟು ಸಾಫ್ಟ್‌ವೇರ್ ಕೆಲಸವೂ ಇದೆ, ನಾನು ಬಂದದ್ದು ಅದಕ್ಕೇ. ಆದರೆ ಆಫೀಸಿನಲ್ಲಿ ಊರಿನ ಬಗ್ಗೆ ಮಾತು ಬಂದರೆ ಕೊನೆಗೆ ಬಂದು ನಿಲ್ಲೋದು ಇಲ್ಲಿ ಹುಟ್ಟಿದ ಟೆನಿಸ್ ಆಟಗಾರ ಕೇ ನಿಶಿಕೋರಿ ಹತ್ತಿರ.

ಹುಟ್ಟಿದ್ದು 1989ರ ಡಿಸೆಂಬರ್ 29ಕ್ಕೆ. ಅಪ್ಪ ಎಂಜಿನಿಯರ್, ಅಮ್ಮ ಪಿಯಾನೊ ಟೀಚರ್. ಅಪ್ಪ ಹವಾಯಿಗೆ ಹೋದಾಗ ತಂದ ಚಿಕ್ಕ ರಾಕೆಟ್ ಹಿಡಿದು ಐದನೇ ವಯಸ್ಸಿಗೆ ಆಟ ಶುರು. ಅಲ್ಲಿವರೆಗೆ ನಮ್ಮ ಯಾವ ಮಧ್ಯಮ ವರ್ಗದ ಮನೆಯಲ್ಲೂ ನಡೆಯಬಹುದಾದ ಕಥೆಯೇ. ಬೇರೆಯಾಗೋದು ಮುಂದೆ.

ಸೋನಿ ಕಟ್ಟಿದ ಅಕಿಯೊ ಮೊರಿತಾ ಅವರ ತಮ್ಮ ಮಸಾಅಕಿ ಮೊರಿತಾ ಟೆನಿಸ್ ಹುಚ್ಚಿನ ಮನುಷ್ಯ. ತಾವೂ ಸೋನಿಯಲ್ಲೇ ದೊಡ್ಡ ಹುದ್ದೆಯಲ್ಲಿದ್ದವರು. ತಮ್ಮದೇ ಹಣದಲ್ಲಿ ಒಂದು ನಿಧಿ ಮಾಡಿ, ಜಪಾನಿನ ಮಕ್ಕಳನ್ನು ಫ್ಲೋರಿಡಾದ ಬ್ರೇಡೆಂಟನ್‌ನಲ್ಲಿರುವ ಅಕಾಡೆಮಿಗೆ ಕಳಿಸುತ್ತಿದ್ದರು. ಇದು ದಾನಧರ್ಮದ ಲೆಕ್ಕ ಅಲ್ಲ ನೋಡಿ. ಪ್ರತಿ ವರ್ಷ ಒಂದು ಗುರಿ ಇರುತ್ತೆ. ಮುಟ್ಟಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ವಾಪಸ್. 2003ರಲ್ಲಿ, 13 ವರ್ಷಕ್ಕೆ, ಇಂಗ್ಲಿಷ್ ಬಾರದ ಈ ಹುಡುಗ ಅಲ್ಲಿಗೆ ಹೋದ. ನಾನು ಮೂವತ್ತು ದಾಟಿದ ಮೇಲೆ ಸಂಬಳ, ವೀಸಾ, ಕಂಪನಿ ಕೊಟ್ಟ ಮನೆ ಎಲ್ಲ ಇಟ್ಟುಕೊಂಡು ಈ ದೇಶಕ್ಕೆ ಬಂದವನು. ಆದರೂ ಮೊದಲ ಚಳಿಗಾಲದಲ್ಲಿ ಊರಿಗೆ ಓಡಿಹೋಗೋಣ ಅನ್ನಿಸಿತ್ತು. 13ರ ಮಗುವನ್ನು ಕಳಿಸಿದ ಆ ಅಪ್ಪ ಅಮ್ಮನ ಧೈರ್ಯ ನನಗಂತೂ ಬರಲ್ಲ.

ಆಗ ಜಪಾನಿನ ಗಂಡಸರ ಟೆನಿಸ್ ಎಂದರೆ ಶೂಜೊ ಮತ್ಸುಒಕಾ ಒಬ್ಬರೇ. 1992ರಲ್ಲಿ ಕೊರಿಯಾದ ಸೋಲ್‌ನಲ್ಲಿ ಎಟಿಪಿ (ಗಂಡಸರ ವೃತ್ತಿಪರ ಟೆನಿಸ್ ಸರಣಿ) ಪ್ರಶಸ್ತಿ, 1995ರಲ್ಲಿ ವಿಂಬಲ್ಡನ್ ಕ್ವಾರ್ಟರ್ ಫೈನಲ್. ಹೆಂಗಸರು ಎಷ್ಟೋ ಮುಂದಿದ್ದರು. ಕಿಮಿಕೊ ದಾತೆ ವಿಶ್ವದ 4ನೇ ಸ್ಥಾನಕ್ಕೆ ಹೋಗಿದ್ದರು. ನಮ್ಮ ಮಹೇಶ್ ಭೂಪತಿ 1997ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು ಭಾರತಕ್ಕೆ ಮೊದಲ ಗ್ರ್ಯಾಂಡ್ ಸ್ಲಾಮ್ ತಂದರಲ್ಲ, ಆಗ ಜೊತೆಗಿದ್ದವರೂ ಜಪಾನಿನ ರಿಕಾ ಹಿರಾಕಿ. ಗಂಡಸರ ಕಡೆ ಮಾತ್ರ ಮತ್ಸುಒಕಾ ಅವರ 46ನೇ ರ‍್ಯಾಂಕೇ ಎಲ್ಲಕ್ಕಿಂತ ಮೇಲೆ. ಹಾಗಾಗಿ ನಿಶಿಕೋರಿಯ ಸುತ್ತ ಇದ್ದವರು ಅವನಿಗಾಗಿ ಹಾಕಿಕೊಂಡ ಯೋಜನೆಯ ಹೆಸರೇ ಪ್ರಾಜೆಕ್ಟ್ 45. ನಂಬರ್ 1 ಅಂತಲೂ ಇಲ್ಲ, ಟಾಪ್ 10 ಅಂತಲೂ ಇಲ್ಲ. ಇದ್ದ ದಾಖಲೆಗಿಂತ ಒಂದೇ ಒಂದು ಮೆಟ್ಟಿಲು ಮೇಲೆ! ಇಲ್ಲಿನ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ, ಅಲ್ವಾ? ಬಾಯಿಗೆ ಬಂದ ಗುರಿ ಹೇಳಲ್ಲ, ಹೇಳಿದ್ದನ್ನು ಬಿಡಲ್ಲ.

2007ರಲ್ಲಿ ವೃತ್ತಿಪರನಾದ. 2008ರ ಫೆಬ್ರವರಿಯಲ್ಲಿ ಡೆಲ್ರೇ ಬೀಚ್ ಟೂರ್ನಿಗೆ ಹೋದಾಗ ವಯಸ್ಸು 18, ರ‍್ಯಾಂಕು 244. ಅರ್ಹತಾ ಸುತ್ತಿನಿಂದ ಆಡಿಕೊಂಡು ಬಂದು, ಸೆಮಿಫೈನಲ್‌ನಲ್ಲಿ ಸ್ಯಾಮ್ ಕ್ವೆರಿ ಎದುರು ನಾಲ್ಕು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಫೈನಲ್‌ನಲ್ಲಿ ಮೊದಲ ಸೆಟ್ ಸೋತ ಮೇಲೆ ಅಗ್ರ ಶ್ರೇಯಾಂಕದ ಜೇಮ್ಸ್ ಬ್ಲೇಕ್ ಅವರನ್ನು 3-6, 6-1, 6-4ರಲ್ಲಿ ಸೋಲಿಸಿಬಿಟ್ಟ. 16 ವರ್ಷದ ನಂತರ ಜಪಾನಿನ ಗಂಡಸೊಬ್ಬನಿಗೆ ಎಟಿಪಿ ಪ್ರಶಸ್ತಿ. ಅದೇ ವರ್ಷ ಯುಎಸ್ ಓಪನ್‌ನಲ್ಲಿ 4ನೇ ಶ್ರೇಯಾಂಕದ ಡೇವಿಡ್ ಫೆರರ್ ಅವರನ್ನು ಐದು ಸೆಟ್‌ಗಳಲ್ಲಿ ಕೆಡವಿದ.

ಇಲ್ಲಿಗೇ ಕಥೆ ಮುಗಿಸುವವರು ಜಾಸ್ತಿ. ನನಗೆ ಇಷ್ಟವಾಗೋದು ಆಮೇಲಿನ ಭಾಗ. 2009ರಲ್ಲಿ ಮೊಣಕೈ ಕೆಟ್ಟಿತು, ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಆಟವೇ ಇಲ್ಲ. ರ‍್ಯಾಂಕು 800ರ ಆಚೆ ಬಿತ್ತು. 20 ವರ್ಷದವನು 2010ರಲ್ಲಿ ಮತ್ತೆ ಕೆಳಗಿನಿಂದ ಹತ್ತಬೇಕಾಯಿತು. ಸವಾನಾ, ಸರಸೋಟ, ಬಿಂಗಮ್ಟನ್, ನಾಕ್ಸ್‌ವಿಲ್. ಕೇಳಿದ್ದೀರಾ ಈ ಊರುಗಳ ಹೆಸರು? ಜನ ಇಲ್ಲ, ಟಿವಿ ಇಲ್ಲ, ದುಡ್ಡೂ ಅಷ್ಟಕ್ಕಷ್ಟೇ. ಆ ನಾಲ್ಕೂ ಊರಿನ ಚಾಲೆಂಜರ್, ಅಂದರೆ ಕೆಳ ಹಂತದ ಟೂರ್ನಿ ಗೆದ್ದು ವರ್ಷದ ಕೊನೆಗೆ ಮೊದಲ ನೂರರ ಒಳಗೆ ಬಂದ. ಡೆಲ್ರೇ ಬೀಚ್ ಕಪ್‌ಗಿಂತ ಈ ನಾಲ್ಕು ನನಗೆ ದೊಡ್ಡವು.

2011ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ಸೆಮಿಫೈನಲ್ ತಲುಪಿ 30ನೇ ಸ್ಥಾನಕ್ಕೆ ಹಾರಿದ. 45ರ ಲೆಕ್ಕ ಅಲ್ಲಿಗೆ ಚುಕ್ತಾ. ಮುಂದಿನ ತಿಂಗಳು ಬಾಸೆಲ್‌ನಲ್ಲಿ ಆಗಿನ ನಂಬರ್ 1 ಜೋಕೊವಿಚ್ ಮೇಲೆ ಗೆಲುವು, ಕೊನೇ ಸೆಟ್ 6-0! ಫೈನಲ್‌ನಲ್ಲಿ ಎದುರಿಗೆ ಫೆಡರರ್, ಚಿಕ್ಕಂದಿನಿಂದ ಪೂಜಿಸಿದ ಆಟಗಾರ. 6-1, 6-3ರಲ್ಲಿ ಸೋತ. ಜಪಾನಿನಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ ಅಮೆರಿಕದ ಮಾಜಿ ಆಟಗಾರ ಮೈಕೆಲ್ ಚಾಂಗ್ ಇದನ್ನೇ ಹಿಡಿದು ಜಾಡಿಸಿದರು. ಫೆಡರರ್ ಜೊತೆ ಆಡುವುದೇ ಖುಷಿ ಅಂತ ಕೋರ್ಟಿಗೆ ಇಳಿದರೆ ಅಲ್ಲೇ ಸೋತಂತೆ, ನನ್ನ ದಾರಿಗೆ ಅಡ್ಡ ನಿಂತವನು ಅಂತ ನೋಡಬೇಕು ಅನ್ನೋದು ಅವರ ಮಾತಿನ ಸಾರ. ಚಾಂಗ್ ಕೂಡ ನಿಶಿಕೋರಿಯ ಹಾಗೆ ಕುಳ್ಳಗಿನ ಮನುಷ್ಯ, 17ನೇ ವಯಸ್ಸಿಗೆ ಫ್ರೆಂಚ್ ಓಪನ್ ಗೆದ್ದವರು, ಹೇಳೋ ಹಕ್ಕಿತ್ತು.

ಹಿರಿಯರ ಎದುರು ತಗ್ಗಿ ನಡೆಯೋದು ಈ ನಾಡಿನಲ್ಲಿ ಚಿಕ್ಕಂದಿನಿಂದ ಬರುವ ಅಭ್ಯಾಸ. ನಮ್ಮಲ್ಲೂ ಕಡಿಮೆ ಏನಿಲ್ಲ. ಆ ಅಭ್ಯಾಸ ಬಿಡಿಸೋಕೆ ಹೊರಗಿನವರೊಬ್ಬರು ಬೇಕಾಯಿತು ಅಂತ ನನಗನ್ನಿಸುತ್ತೆ. 2014ರ ಹೊತ್ತಿಗೆ ಚಾಂಗ್ ಅವನ ಕೋಚ್ ಆಗಿದ್ದರು. ಮೇ ತಿಂಗಳಲ್ಲಿ ಟಾಪ್ 10, ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಫೈನಲ್. ಆ ಫೈನಲ್ಲಿಗೆ ಹೋಗುವ ದಾರಿಯಲ್ಲಿ ರಾವನಿಚ್ ಜೊತೆಗಿನ ಪಂದ್ಯ ಮುಗಿದಾಗ ಅಲ್ಲಿ ರಾತ್ರಿ 2:26. ಆಮೇಲೆ ವಾವ್ರಿಂಕಾ, ಜೋಕೊವಿಚ್ ಇಬ್ಬರನ್ನೂ ದಾಟಿದ. ಆ ದಿನಗಳಲ್ಲೇ, ಇನ್ನು ಗೆಲ್ಲಲಾಗದ ಎದುರಾಳಿ ಇಲ್ಲ ಅನ್ನಿಸುತ್ತೆ ಅಂತ ಅವನೇ ಹೇಳಿದ್ದ. ಫೈನಲ್‌ನಲ್ಲಿ ಚಿಲಿಚ್ ಮಾತ್ರ 6-3, 6-3, 6-3 ಅಂತ ಮುಗಿಸಿಬಿಟ್ಟರು.

ಜಪಾನಿಗೆ ಬಂದಾಗ ಪತ್ರಕರ್ತರು ಏನು ತಿನ್ನಬೇಕು ಅಂತ ಕೇಳಿದರು. ನೊದೊಗುರೊ ಅಂದ. ಶಿಮಾನೆ ಕರಾವಳಿಯ ಕೊಬ್ಬಿನ ಮೀನು ಅದು, ಹಮಾದಾ ಬಂದರಿನದು ಅಂದರೆ ಹೆಸರುವಾಸಿ. ಆ ಒಂದು ಮಾತಿಗೆ ದೇಶವೇ ಅದರ ಹಿಂದೆ ಬಿದ್ದು ಬೆಲೆ ಏರಿತು. ನಾನು ಕುಂದಾಪುರದ ಕಡೆಯವನು, ಮೀನಿನ ವಿಷಯದಲ್ಲಿ ಸುಮ್ನೆ ಹೊಗಳುವವನಲ್ಲ. ಉಪ್ಪು ಹಚ್ಚಿ ಸುಟ್ಟರೆ ಚೆನ್ನಾಗಿರುತ್ತೆ. ಆದರೂ ಆ ದುಡ್ಡಿಗೆ ನಾನು ಅಂಜಲ್ ಫ್ರೈಯನ್ನೇ ತಿನ್ನುತ್ತಿದ್ದೆ.