ಎನ್‌ಎಸ್‌ಎಸ್‌ಗೆ ಸೇರಿದರೆ ಏನು ಸಿಗುತ್ತದೆ?

ಪದವಿ ಕಾಲೇಜುಗಳಲ್ಲಿ ಪ್ರವೇಶ ಮುಗಿದು ತರಗತಿಗಳು ಒಂದು ಹದಕ್ಕೆ ಬರುವ ಹೊತ್ತಿಗೆ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಘಟಕಕ್ಕೆ ಹೆಸರು ಬರೆಸುವ ಕೆಲಸವೂ ಶುರುವಾಗುತ್ತದೆ. ಮಂಡ್ಯದಲ್ಲಿರುವ ನಮ್ಮ ನೆಂಟರ ಮಗಳು ತಾನೂ ಸೇರುತ್ತೇನೆ ಎಂದಾಗ, ಅದರಿಂದ ಏನು ಪ್ರಯೋಜನ ಎಂದು ಅವಳ ತಂದೆ ಕೇಳಿದರು. ಕಬ್ಬಿನ ಬಾಕಿ ಕೈಸೇರುವುದನ್ನು ಕಾದು ಫೀಸು ಕಟ್ಟುವ ಮನೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಪ್ರಮಾಣಪತ್ರ ಸಿಗುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಮೈಸೂರಿನಲ್ಲಿ ಓದುವಾಗ ಸ್ವಯಂಸೇವಕನಾಗಿದ್ದ ನನಗೆ ಅದು ಪೂರ್ಣ ಉತ್ತರವೆನಿಸಲಿಲ್ಲ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರವೊಂದಿರುತ್ತದೆ. ಸೇವೆಗೆ ಗಂಟೆಯ ಲೆಕ್ಕವೇ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ಲೆಕ್ಕವೇ ಇದರ ಬಲ, ಏಕೆಂದರೆ ಮನಸ್ಸು ಬಂದಾಗ ಮಾತ್ರ ಬರುವವರನ್ನು ನಂಬಿಕೊಂಡು ಯಾವ ಕೆಲಸವನ್ನೂ ಯೋಜಿಸಲಾಗುವುದಿಲ್ಲ.

ಶಿಬಿರದ ಎಲ್ಲವನ್ನೂ ನಾನು ಹೊಗಳುವುದಿಲ್ಲ. ಬೇಸಿಗೆಯ ಬಾಗಿಲಲ್ಲಿ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ನೀರು ಹಾಕುವವರು ಯಾರೆಂದು ಗೊತ್ತುಮಾಡದೆ ಊರು ಬಿಡುವುದು ಸೇವೆಯಲ್ಲ. ಆದರೆ ಅದೇ ಶಿಬಿರದ ಮನೆಮನೆ ಸಮೀಕ್ಷೆ ಬೇರೆ ಮಾತು. ಹಾಳೆ ಹಿಡಿದು ನಿಂತು, ಶೌಚಾಲಯ ಬಳಸುತ್ತೀರಾ ಎಂದು ಮುಖಕ್ಕೆ ಹೊಡೆದಂತೆ ಕೇಳಿದರೆ ಎಲ್ಲ ಮನೆಯಲ್ಲೂ ಹೌದು ಎಂಬ ಉತ್ತರವೇ ಬರುತ್ತದೆ. "ಮೊದ್ಲು ಮಜ್ಗೆ ಕುಡೀರಪ್ಪ, ಆಮೇಲ್ ಬರ್ಕಳಿ" ಎನ್ನುವ ಅಜ್ಜಿಯ ಜಗಲಿಯಲ್ಲಿ ಕುಳಿತು, ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂಬಲ್ಲಿಂದ ಮಾತು ತೆಗೆದರೆ, ಕಟ್ಟಿದ ಶೌಚಾಲಯದಲ್ಲಿ ಸೌದೆ ತುಂಬಿರುವ ಸಂಗತಿಯೂ ಅದರ ಕಾರಣವೂ ತಾನಾಗಿ ಹೊರಬರುತ್ತದೆ. ಈ ರೀತಿ ಮಾತನಾಡಿಸುವುದನ್ನು ನಾನು ಕಲಿತದ್ದು ಅಲ್ಲಿಯೇ. ಇಂದು ಕಚೇರಿಯಲ್ಲಿ ಕುಳಿತಾಗಲೂ ಅದು ಕೆಲಸಕ್ಕೆ ಬರುತ್ತಿದೆ.

ಎಲ್ಲಕ್ಕಿಂತ ಹೆಚ್ಚು ಗಮನ ಸಿಗಬೇಕಾದದ್ದು, ದೃಷ್ಟಿದೋಷವುಳ್ಳ ಅಭ್ಯರ್ಥಿಗಳ ಪರವಾಗಿ ಸ್ವಯಂಸೇವಕರು ಪರೀಕ್ಷೆ ಬರೆದುಕೊಡುವ ಸ್ಕ್ರೈಬ್ ಕೆಲಸ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಅಭ್ಯರ್ಥಿಯು ತಾನೇ ಸ್ಕ್ರೈಬ್ ಕರೆತರುವುದಾದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಕಡಿಮೆ ಇರಬೇಕು. ಹೀಗಾಗಿ ಸ್ನಾತಕೋತ್ತರ ಪದವಿ ಮುಗಿಸಿದ ನನ್ನಂಥವರಿಗೆ ಎಷ್ಟೇ ಬಿಡುವಿದ್ದರೂ ಹತ್ತನೆಯ ತರಗತಿಯ ಹುಡುಗನಿಗೆ ಬರೆದುಕೊಡಲಾಗದು. ಈ ಕೆಲಸಕ್ಕೆ ಬೇಕಾದವರು ಇನ್ನೂ ಓದುತ್ತಿರುವ ಮಕ್ಕಳೇ. ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿರುವುದರಿಂದ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆಯಾದರೂ ಕೂರಬೇಕಾಗುತ್ತದೆ. ಪ್ರಶ್ನೆಯನ್ನು ಸ್ಪಷ್ಟವಾಗಿ ಓದಬೇಕು, ಕೇಳಿದಷ್ಟು ಸಲ ಮತ್ತೆ ಓದಬೇಕು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಸರಿಯುತ್ತರ ತನಗೆ ಗೊತ್ತಿದ್ದೂ ತಪ್ಪುತ್ತರವನ್ನೇ ದುಂಡಾಗಿ ಬರೆದಿಡುವುದು ಜಾಣ ಹುಡುಗರಿಗೆ ಸುಲಭವಲ್ಲ, ಆದರೆ ತಿದ್ದಿದರೆ ಅದು ಅಭ್ಯರ್ಥಿಯ ಪರೀಕ್ಷೆಯಾಗಿ ಉಳಿಯುವುದಿಲ್ಲ.

ಈ ಕೆಲಸಕ್ಕೆ ಹೆಸರು ಕೊಡುವ ಮೊದಲು ತಮ್ಮ ಪರೀಕ್ಷೆಯ ವೇಳಾಪಟ್ಟಿಯನ್ನು ನೋಡಿಕೊಂಡು, ಕಾಲೇಜಿನ ಎನ್‌ಎಸ್‌ಎಸ್ ಘಟಕವನ್ನು ನೋಡಿಕೊಳ್ಳುವ ಕಾರ್ಯಕ್ರಮಾಧಿಕಾರಿಗಳಿಗೆ ತಿಳಿಸುವುದು ಅಗತ್ಯ. ಅನುಮತಿ ಪತ್ರ, ಗುರುತಿನ ಚೀಟಿಗಳೆಲ್ಲ ಮುಂಚಿತವಾಗಿ ಸಿದ್ಧವಾಗಬೇಕಾದ್ದರಿಂದ, ಒಪ್ಪಿಕೊಂಡವರು ಪರೀಕ್ಷೆಯ ಬೆಳಗ್ಗೆ ಫೋನ್ ತೆಗೆಯದಿದ್ದರೆ ಬದಲಿಗೆ ಇನ್ನೊಬ್ಬರನ್ನು ಹುಡುಕಿ ಕೂರಿಸುವುದು ಬಹಳ ಕಷ್ಟವಾಗುತ್ತದೆ.